ಹಂಪಯ್ಯನ ಮಗ್ಗ

“ಎಳಿ ಹರದೈತ್ರೀ, ನಿಲ್ಲಸ್ರಿ,” ಎಂದು ಜಂಬವ್ವ ಕೂಗಿದಳು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಗಂಡ ಹಂಪಯ್ಯ ಲಾಳಿ ಎಸೆಯುತ್ತಲೇ ಇದ್ದ. ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಎರಡು ವರ್ಷ ಬಂಡೆಗೆ ಮದ್ದು ಇಟ್ಟವನು ನಿನ್ನೆಯಷ್ಟೇ ಕಂಪ್ಲಿಗೆ ಮರಳಿದ್ದ. ಮೊದಲಾದರೆ ಒಂದು ಎಳೆ ಹರಿದರೂ ಮಗ್ಗದ ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು.

ಅವಳು ಎದ್ದು ಬಂದು ಭುಜ ಮುಟ್ಟಿದಾಗ ಹಂಪಯ್ಯ ಬೆಚ್ಚಿಬಿದ್ದ. ಹರಿದ ಎಳೆಯನ್ನು ಕಂಡು ತಲೆ ತಗ್ಗಿಸಿದ.

“ಕಿವಿ ಹೋಗ್ಯಾವ ಜಂಬವ್ವ. ಅದಕ್ಕ ಗಣಿಯಾಗ ಬ್ಯಾಡಂದ್ರು.”

ದರೋಜಿಗೆ ಕೊಟ್ಟಿದ್ದ ಅವನ ತಂಗಿ ಉಚ್ಚೆಂಗಮ್ಮ ಹೆರಿಗೆಯಲ್ಲಿ ತೀರಿಕೊಂಡಳೆಂದು ನಿನ್ನೆ ಬಡಿಸುವಾಗ ಅವಳು ಹೇಳಿದ್ದಳು. ಅವನು ಹೂಂ ಎಂದು ರೊಟ್ಟಿ ಮುರಿದಿದ್ದ. ಗಣಿ ಇವನ ಎದೆಯನ್ನೂ ಕಲ್ಲು ಮಾಡಿತೆಂದು ಅವಳು ಮನಸ್ಸಿನಲ್ಲೇ ಶಪಿಸಿದ್ದಳು.

ಈಗ ಜಂಬವ್ವ ಅವನ ಎದುರಿಗೆ ಕೂತು ದರೋಜಿಯ ದಿಕ್ಕಿಗೆ ಕೈ ತೋರಿಸಿದಳು. ಬಳಿಕ ತನ್ನ ಹೊಟ್ಟೆ ಮುಟ್ಟಿಕೊಂಡು, ಕಣ್ಣು ಮುಚ್ಚಿದಳು.