ಬೇಸ್‌ಮೆಂಟಿನ ಪಂಪು

"ಬಾಯ್ಲರು ಸರಿಯಾಗಿದೆ. ಬೇಸ್‌ಮೆಂಟನ್ನು ಬೆಚ್ಚಗಿಡೋ ಪೈಪುಗಳಿಗೆ ಬಿಸಿನೀರು ತಳ್ಳುವ ಪಂಪು ಸಿಕ್ಕಿಕೊಂಡು ತಿಂಗಳಾಗಿರಬೇಕು," ಎಂದ ವಾರ್ಷಿಕ ತಪಾಸಣೆಗೆ ಬಂದಿದ್ದ ಮೆಕ್ಯಾನಿಕ್. "ಇಲ್ಲಿ ಯಾರೂ ಮಲಗೋದಿಲ್ಲ ತಾನೇ?"

ಅರುಂಧತಿ ಮೂಲೆಯ ಹಾಸಿಗೆಯತ್ತ ನಡೆದಳು. ದೀಪಾವಳಿಯ ಜಗಳದ ನಂತರ ಗಂಡ ರಘುನಾಥ ಮಲಗುತ್ತಿದ್ದದ್ದು ಇಲ್ಲೇ. ಅವನು ಥರ್ಮೋಸ್ಟಾಟನ್ನು ಇಪ್ಪತ್ತೊಂದು ಡಿಗ್ರಿಗೆ ಇಟ್ಟಿದ್ದ. ಕೋಣೆ ಹನ್ನೊಂದರಲ್ಲೇ ನಿಂತಿತ್ತು. ದಿಂಬಿನ ಮೇಲೆ ಉಣ್ಣೆಯ ಟೋಪಿಯೂ ಕೈಗವಸೂ ಇದ್ದವು. ಅವಳು ಟೋಪಿಯನ್ನು ಕೈಗೆತ್ತಿಕೊಂಡಳು.

ಮೆಕ್ಯಾನಿಕ್ ಪಂಪನ್ನು ಬಿಚ್ಚಿ, ತಿರುಗಿಸಿ, ಸರಿಪಡಿಸಿ ಹೋದ. ಪೈಪು ನಿಧಾನವಾಗಿ ಬೆಚ್ಚಗಾಯಿತು. ಆಗ ರಘುನಾಥ ಮೆಟ್ಟಿಲಿಳಿದು ಬಂದ.

"ಇಷ್ಟು ಚಳೀಲಿ ಮಲಗ್ತಿದ್ರಲ್ಲ, ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ, 'ಮೇಲೆ ಬಂದು ಮಲಗಿ' ಅಂತಿದ್ದೆ ನೀನು."

ಅರುಂಧತಿ ಟೋಪಿಯನ್ನು ದಿಂಬಿನ ಮೇಲೆ, ಮೊದಲಿದ್ದಲ್ಲೇ ಇಟ್ಟಳು.

"ಪಂಪು ಈಗ ಸರಿಹೋಗಿದೆ," ಎಂದಳು.