ಜಟ್ಟೆಮ್ಮ ಓದಿದ ಪ್ರತಿ

ಜಟ್ಟೆಮ್ಮ ಪುಸ್ತಕ ಮುಚ್ಚಿದಳು. ತೆರೆದಳು. ನಾಲ್ಕು ಹಾಳೆ ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ಆಮೇಲೆ ತಲೆಯೆತ್ತಿ ಗಂಡನನ್ನೇ ನೋಡಿದಳು.

ಭಗವಂತರಾಯ ಕಣ್ಣು ತಪ್ಪಿಸಿದ. ಇವಳಿಗೆ ಗೊತ್ತಾಗಿಬಿಟ್ಟಿದೆ!

ಭಾನುವಾರದ ಬೆಳಗ್ಗೆ, ಕೆ.ಆರ್. ಪುರದ ಒಂದೇ ಕೋಣೆಯ ಬಾಡಿಗೆ ಮನೆ. ಸಂಜೆ ನಾಲ್ಕಕ್ಕೆ ಹಲಸೂರಿನಲ್ಲಿ ಅವನ ಮೊದಲ ಕಾದಂಬರಿಯ ಬಿಡುಗಡೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ದಿನವಿಡೀ ಬೋಲ್ಟುಗಳ ದೋಷ ಹುಡುಕುವ ಮನುಷ್ಯ ಆರು ವರ್ಷ ಕೂತು ಬರೆದದ್ದು. ಶಿವಾಜಿನಗರದ ಬೈಂಡರ್ ಶಫಿ ಮೊನ್ನೆ ಮೊದಲ ಪ್ರತಿ ಕೊಟ್ಟಾಗ ಅದನ್ನು ತಂದು ಹೆಂಡತಿಯ ಕೈಗಿಟ್ಟಿದ್ದ. ‘ನೀನೇ ಮೊದಲು ಓದು’ ಅಂದವನೂ ಅವನೇ, ಈಗ ಬೆವರುತ್ತಿರುವವನೂ ಅವನೇ.

ಆಹ್ವಾನ ಪತ್ರಿಕೆಯಲ್ಲಿ ಕಾಲೇಜು ಉಪನ್ಯಾಸಕಿ ಪ್ರಿಯದರ್ಶಿನಿಯವರ ಭಾಷಣದ ವಿಷಯ ಅಚ್ಚಾಗಿತ್ತು: ‘ಒಂದೇ ಘಟನೆಯಲ್ಲಿ ಇಡೀ ಕಾದಂಬರಿ’. ಅವರ ಕೆಳಗೆ ಮೊದಲ ಓದುಗರಾಗಿ ಜಟ್ಟೆಮ್ಮನ ಹೆಸರು. ಎರಡು ಮಾತು ಅವಳೂ ಆಡಬೇಕು.

“ಮೇಡಂ ಹೇಳೋ ಆ ಘಟನಾ ಯಾವುದ್ರಿ?” ಎಂದಳು.

“ಓದೀಯಲ್ಲ.”

“ಓದೀನಿ, ಅದಕ್ಕೇ ಕೇಳ್ಲಿಕತ್ತೀನಿ. ಮೊದಲ ಗಂಡ ಹೆಂಡ್ತಿ ನಕ್ಕೋತ ಇದ್ರು. ಆಮ್ಯಾಲ ಅಂವ ಆಕಿ ಮಾರಿ ಸುದ್ದಾ ನೋಡಲ್ಲ. ಅಂಥಾದ್ದು ಏನ್ ಮಾಡಿದ್ನ್ರಿ ಅಂವ?”

ಗೊತ್ತಿದ್ದದ್ದನ್ನೇ ಗೊತ್ತಿಲ್ಲದವಳ ಹಾಗೆ ಕೇಳುವುದು ಜಟ್ಟೆಮ್ಮನ ಹಳೆಯ ಚಾಳಿ. ಶ್ರಾವಣ ಸೋಮವಾರ ಅವನು ಶಿವಾಜಿನಗರದಲ್ಲಿ ಕದ್ದು ಬಿರಿಯಾನಿ ತಿಂದು ಬಂದಾಗ, “ಉಪವಾಸ ಹೆಂಗಿತ್ರಿ?” ಎಂದು ಕೇಳಿಯೇ ಬಾಯಿ ಬಿಡಿಸಿದ್ದಳು.

ಫೋನು ಕುಯ್ಯೆಂದಿತು. ಶಫಿ. ಭಗವಂತರಾಯ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಈಗ ಅವನ ಹತ್ತಿರ ಏನು ಮಾತು?

ಬಾಯಲ್ಲಿ ಹೇಳಲಾಗದ್ದನ್ನು ಬರೆದುಬಿಟ್ಟರೆ ಹಗುರಾದೀತು ಎಂದುಕೊಂಡಿದ್ದ. ನಾಯಕನನ್ನು ಬಸ್ ಡ್ರೈವರ್ ಮಾಡಿದ್ದ, ಊರು ಬದಲಿಸಿದ್ದ, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಹೆಂಡತಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು, ಪುಣ್ಯಾತ್ಮ! ಹನ್ನೊಂದು ವರ್ಷ ಜೊತೆಗಿದ್ದವಳು ಇವತ್ತು ಎದ್ದು ಹೋದರೆ ಅವನಿಗೆ ಈ ಊರಿನಲ್ಲಿ ಯಾರಿದ್ದಾರೆ?

ಅವನು ಎದ್ದ. ಕಿಟಕಿ ತೆರೆದ. ಮುಚ್ಚಿದ. ಇಸ್ತ್ರಿ ಮಾಡಿಟ್ಟ ಅಂಗಿಯನ್ನು ಮತ್ತೆ ಮಡಿಚಿದ.

“ಇದೊಂದು ತಿಳೀಲಾರದೆ ನಾ ನಾಲ್ಕು ಮಂದಿ ಮುಂದ ನಿಂದ್ರಂಗಿಲ್ಲ,” ಎಂದಳು ಜಟ್ಟೆಮ್ಮ. “ನೀವೇ ಹೇಳಿಬಿಡ್ರಿ.”

ತಡೆಯಲಾಗಲಿಲ್ಲ. ಅವಳೆದುರು ನೆಲಕ್ಕೆ ಕುಸಿದು ಕೂತ.

“ನಿಮ್ಮವ್ವ ಸಾಯೋ ಹಿಂದಿನ ದಿನ ನನಗ ಫೋನ್ ಮಾಡಿದ್ದಳು. ‘ಮಗಳನ್ನ ಕಳಿಸಪ್ಪ, ಒಮ್ಮೆ ನೋಡಬೇಕು’ ಅಂದಳು. ಅವತ್ತ ಸಂಜಿಗೆ ನನ್ನ ಮೊದಲ ಕಥಿಗೆ ಬಹುಮಾನ ಇತ್ತು. ನೀ ಮುಂದಿನ ಸಾಲಿನಾಗ ಕೂಡಬೇಕಂತ ಆಸೆ. ಒಂದು ದಿನ ತಡ ಆದ್ರ ಏನಾಗ್ತದ ಅಂದ್ಕೊಂಡೆ. ನಿನಗ ಹೇಳಲೇ ಇಲ್ಲ.”

ಜಟ್ಟೆಮ್ಮ ಗೋಡೆ ನೋಡುತ್ತ ಕೂತಳು. ಹೊರಗೆ ಯಾರೋ ನೀರಿನ ಮೋಟರ್ ಹಾಕಿದರು, ಅದು ಗೊರಗೊರ ಅಂದು ನಿಂತಿತು.

“ಅವತ್ತ ನಾ ಕೈ ನೋಯೋ ಹಂಗ ಚಪ್ಪಾಳಿ ಹೊಡದಿದ್ದೆ,” ಎಂದಳು ಕೊನೆಗೆ.

“ತಪ್ಪಾಯ್ತು ಜಟ್ಟೆಮ್ಮ. ಅದಕ್ಕೇ ಎಲ್ಲಾ ಬರದೀನಿ, ಒಂದಕ್ಷರ ಮುಚ್ಚಿಟ್ಟಿಲ್ಲ. ಮೇಡಂ ಹೇಳೋ ಘಟನಾ ಅದೇ. ನೀನೂ ಓದೀಯಲ್ಲ, ಮತ್ತ ನನ್ನ ಬಾಯಿಂದನೇ ಯಾಕ ಹೇಳಿಸಿದಿ?”

ಅವಳು ಪುಸ್ತಕ ಬಿಡಿಸಿ ಅವನ ಮುಂದಿಟ್ಟಳು. ಎಡಗಡೆ ತೊಂಬತ್ತಾರನೇ ಪುಟ. ಬಲಗಡೆ ನೂರಾ ಹದಿಮೂರು.

“ನಡುವಿನ ಹದಿನಾರು ಪುಟ ಹೊಲಿಯೋದೇ ಬಿಟ್ಟಾರ್ರಿ. ಅದರಾಗ ಏನಿತ್ತು ಅಂತ ಮುಂಜಾನಿಂದ ಕೇಳ್ಲಿಕತ್ತಿದ್ದೆ, ಅಷ್ಟೇ.”