ಕೆಂಪು ಗೆರೆ ಇಲ್ಲದ ಕಾರ್ಡು

"ಇದಕ್ಕೆ ಹೆಸರೇ ಇಲ್ವಲ್ಲ ರತ್ನಮ್ಮನೋರೇ," ಎಂದಳು ಆದಿಲಕ್ಷ್ಮಿ, ಹಳದಿಗಟ್ಟಿದ ಕಾರ್ಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು. "ಹೆಸರು ಹಾಕದೆ ಈ ಕಂಪ್ಯೂಟರು ಮುಂದಕ್ಕೆ ಹೋಗಲ್ಲ. ಮೊಂಡೆತ್ತು ಇದ್ದಂಗೆ."

ವೆಂಕಟರತ್ನಮ್ಮ ತಿರುಗಿ ನೋಡಲಿಲ್ಲ. ಬೆಳಗ್ಗೆ ಆ ಕಾರ್ಡನ್ನು ಕಟ್ಟಿನ ನಡುವೆ ಸೇರಿಸಿದವಳು ಆಕೆಯೇ.

ಆಸ್ಪತ್ರೆಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಯ ದಿನ ಇಟ್ಟ ಕುಂಕುಮ ಇನ್ನೂ ಅದರ ಹಣೆಯ ಮೇಲಿತ್ತು. ರೆಕಾರ್ಡ್ ರೂಮಿನ ಕಾರ್ಡುಗಳೆಲ್ಲ ಅದರೊಳಗೆ ಸೇರಬೇಕೆಂದು ದೊಡ್ಡ ಡಾಕ್ಟರ ಅಪ್ಪಣೆಯಾಗಿತ್ತು. ಬದುಕಿರುವವರವು ಮಾತ್ರ. ಸತ್ತವರ ಕಾರ್ಡು ಹೆರಿಗೆ ವಾರ್ಡಿನ ನೀರೊಲೆಗೆ.

ಬೇರ್ಪಡಿಸುವುದು ಕಷ್ಟವಿರಲಿಲ್ಲ. ರೋಗಿ ತೀರಿಕೊಂಡರೆ ಕಾರ್ಡಿನ ಮೂಲೆಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಅಲ್ಲಿನ ರೂಢಿ. ಅರವತ್ತೆರಡನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದ ದಿನವೇ ವೆಂಕಟರತ್ನಮ್ಮನ ಕೈಗೆ ಆ ಪೆನ್ಸಿಲನ್ನೂ, ಗೆರೆ ಎಳೆಯದೆ ಬಾಕಿ ಉಳಿದಿದ್ದ ಹಿಂದಿನ ವರ್ಷದ ಕಟ್ಟನ್ನೂ ಕೊಟ್ಟಿದ್ದರು. ಆಕೆ ಎಲ್ಲಕ್ಕೂ ಎಳೆದಳು. ಒಂದಕ್ಕೆ ಮಾತ್ರ ಕೈ ಬರಲಿಲ್ಲ. ಎರಡೇ ದಿನ ಉಸಿರಾಡಿದ ಮಗು ಅದು. ಆಮೇಲೆ ಗಂಡ ಮುಳಬಾಗಿಲಲ್ಲಿ ಇನ್ನೊಂದು ಸಂಸಾರ ಹೂಡಿದ. ಆಕೆಗೆ ಆಸ್ಪತ್ರೆಯ ಹಿಂದಿನ ಒಂಟಿ ಕೋಣೆ ಉಳಿಯಿತು. ನಾಳೆ ನೋಡೋಣ ಎಂದುಕೊಂಡೇ ಇಪ್ಪತ್ತಾರು ವರ್ಷ ಆ ಮೂಲೆಯನ್ನು ಖಾಲಿ ಬಿಟ್ಟಿದ್ದಳು.

"ತಾಯಿ ಹೆಸರು ವೆಂಕಟರತ್ನಮ್ಮ, ಊರು ಮಾಸ್ತಿ," ಆದಿಲಕ್ಷ್ಮಿ ಓದಿದಳು. "ನಿಮ್ಮ ಹೆಸರಿನೋರೇ, ನಿಮ್ಮೂರೋರೇ. ಪರಿಚಯಾನಾ?"

"ಗೊತ್ತು."

"ಬರೀ ಗಂಡುಮಗು ಅಂತ ಬರೆದವ್ರೆ. ಆಮೇಲೆ ಏನಂತ ಹೆಸರಿಟ್ರೋ ಏನೋ. ಗೊತ್ತಿಲ್ದಿದ್ರೆ ಸರೇ ಬಿಡಿ, ಒಲೆ ಕಡೆ ಹಾಕ್ತೀನಿ."

"ತಾಳೇ."

ಆ ಎರಡು ದಿನಗಳಲ್ಲಿ ಹೆಸರನ್ನು ಯೋಚಿಸಿ ಇಟ್ಟುಕೊಂಡಿದ್ದಳು. ಮಾವನ ಹೆಸರು; ಸೊಸೆ ಬಾಯಿಬಿಟ್ಟು ಆಡುವಂಥದ್ದಲ್ಲ. ಹನ್ನೊಂದನೆಯ ದಿನ ತೊಟ್ಟಿಲ ಹತ್ತಿರ ಬೇರೆ ಯಾರಾದರೂ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುತ್ತಾರೆ, ತಾನು ಕೇಳಿಸಿಕೊಂಡರೆ ಸಾಕು ಎಂದುಕೊಂಡಿದ್ದಳು.

ಆಕೆ ಹತ್ತಿರ ಬಂದು ಬಗ್ಗಿ ಹೇಳಿದಳು. ಕೀಲಿಗಳ ಸದ್ದಿನಲ್ಲಿ ಆದಿಲಕ್ಷ್ಮಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಇನ್ನೊಂದ್ಸಲ ಹೇಳಿ, ಅಕ್ಷರ ತಪ್ಪಿದ್ರೆ ಡಾಕ್ಟರು ಬೈತಾರೆ," ಎಂದು ಆದಿಲಕ್ಷ್ಮಿ ಕೂದಲು ಸರಿಸಿ ಕಿವಿ ಕೊಟ್ಟಳು.

"ಕೋದಂಡರಾಮ," ಎಂದಳು ವೆಂಕಟರತ್ನಮ್ಮ, ಮೂರನೆಯ ಸಲ.

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು. ಆದಿಲಕ್ಷ್ಮಿ ಕಾರ್ಡು ನೋಡಿಕೊಂಡು ಹುಟ್ಟಿದ ತಾರೀಖು ಒತ್ತಿದಳು. ಪಕ್ಕದಲ್ಲಿ ತಾನಾಗಿಯೇ ಒಂದು ಅಂಕೆ ಬಂದು ನಿಂತಿತು. ಇಪ್ಪತ್ತೇಳು.

"ಇದೇನೇ ಇದು?"

"ವಯಸ್ಸು. ನಾವು ಹಾಕೋ ಹಂಗಿಲ್ಲ, ಅದೇ ಲೆಕ್ಕ ಹಾಕ್ಕೊಳ್ತದೆ. ಬರೋ ವರ್ಷ ತೆಗೆದು ನೋಡಿದ್ರೆ ಇಪ್ಪತ್ತೆಂಟು ಅಂತದೆ." ಆದಿಲಕ್ಷ್ಮಿ ನಕ್ಕಳು. "ನನಗಿಂತ ಒಂದೇ ವರ್ಷ ದೊಡ್ಡೋರು."

ವೆಂಕಟರತ್ನಮ್ಮ ಸ್ಟೂಲು ಎಳೆದುಕೊಂಡು ಕೂತಳು. ಹೊರಗೆ ಮಾಸ್ತಿಯ ಬಸ್ಸು ಹಾರನ್ ಹೊಡೆದು ಹೋಯಿತು. ಸೆರಗಿನ ತುದಿಯಲ್ಲಿ ಪರದೆಯ ಗಾಜನ್ನು ಮೆಲ್ಲಗೆ ಒರೆಸಿದಳು. ಅಲ್ಲಿ ಧೂಳೇನೂ ಇರಲಿಲ್ಲ.

"ಇನ್ನೊಂದು ಕೇಳ್ತಾ ಇದೆ ನೋಡಿ," ಎಂದಳು ಆದಿಲಕ್ಷ್ಮಿ, ಬೆರಳನ್ನು ಕೀಲಿಯ ಮೇಲೆ ತಡೆದು. "ಮದುವೆ ಆಗಿದೆಯಾ, ಇಲ್ವಾ?"

ವೆಂಕಟರತ್ನಮ್ಮ ಆ ಹಸಿರು ಹೆಸರಿನ ಕಡೆಗೆ ಬಗ್ಗಿದಳು.

"ಇನ್ನೂ ಇಲ್ಲ ಕಣೇ," ಎಂದಳು. "ಈ ವರ್ಷ ನೋಡಬೇಕು."